ಜೀವಕೋಶದ ವಿದ್ಯುದ್ಗುಣಗಳು: ರಕ್ತಪರೀಕ್ಷೆಯ ಚೀಟಿಯಿಂದ ಸೂಕ್ಷ್ಮನಾಲೆಯವರೆಗೆ

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಮಳೆಗಾಲದಲ್ಲಿ ಡೆಂಗ್ಯೂ ಜ್ವರದ ಭೀತಿ ತಲೆದೋರಿತೆಂದರೆ ಮನೆಮನೆಗಳಲ್ಲಿ ಒಂದು ಸಂಖ್ಯೆಯ ಮಾತು ಕೇಳಿಬರುತ್ತದೆ. ಜನರು ರೂಢಿಯಲ್ಲಿ ‘ಬಿಳಿ ಕಣ’ ಎಂದುಬಿಡುವ, ಆದರೆ ಬಿಳಿ ರಕ್ತಕಣಗಳಿಂದ ಬೇರೆಯೇ ಆದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಅದು. ನಿನ್ನೆ ಅರವತ್ತು ಸಾವಿರವಿತ್ತು, ಇಂದು ನಲವತ್ತಕ್ಕೆ ಇಳಿದಿದೆ ಎಂಬ ಒಂದು ಸಾಲು ಇಡೀ ಮನೆತನವನ್ನು ನಿದ್ದೆಗೆಡಿಸಬಲ್ಲದು. ರೋಗಿಯನ್ನು ತಾಲೂಕಿನಿಂದ ಜಿಲ್ಲಾಸ್ಥಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಸಾಗಿಸಬಲ್ಲದು. ಇಷ್ಟು ಪ್ರಭಾವವುಳ್ಳ ಈ ಸಂಖ್ಯೆ ಎಲ್ಲಿಂದ ಬಂದಿತು, ಅದನ್ನು ಎಣಿಸಿದವರು ಯಾರು ಎಂದು ಕೇಳಿದರೆ ‘ಮಷಿನ್ ಎಣಿಸಿತು’ ಎಂಬ ಉತ್ತರ ದೊರೆಯುತ್ತದೆ. ಆ ಯಂತ್ರವು ಕಣಗಳನ್ನು ಕಣ್ಣಿಂದ ನೋಡಿ ಎಣಿಸುವುದಿಲ್ಲ. ನಮ್ಮ ಪರೀಕ್ಷಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರಗಳಲ್ಲಿ ಕೆಂಪು ಕಣಗಳೂ ಪ್ಲೇಟ್‌ಲೆಟ್‌ಗಳೂ ಎಣಿಕೆಗೆ ಸಿಕ್ಕುವುದು ಅವು ವಿದ್ಯುತ್ತಿಗೆ ಒಡ್ಡುವ ತಡೆಯಿಂದ. ದೊಡ್ಡ ಆಸ್ಪತ್ರೆಗಳ ಕೆಲವು ಯಂತ್ರಗಳು ಇದರ ಜೊತೆಗೆ ಬೆಳಕಿನ ಕಿರಣವನ್ನೂ ಬಳಸುತ್ತವೆ. ಹೀಗೆ ಜೀವಕೋಶದ ವಿದ್ಯುದ್ಗುಣವನ್ನು ಅಳೆಯುವ ವಿದ್ಯೆ ದೂರದ ಪ್ರಯೋಗಶಾಲೆಗಳ ಸಂಗತಿಯಾಗಿರದೆ ನಮ್ಮ ಪೇಟೆಯ ಬೀದಿಯಲ್ಲಿಯೇ ನೆಲೆಸಿದೆ. ಅದರ ಬಲ ಎಷ್ಟು, ಮಿತಿ ಎಷ್ಟು, ಆ ಮಿತಿಯನ್ನು ದಾಟಲು ವಿಜ್ಞಾನಿಗಳು ಕೂದಲೆಳೆಗಿಂತ ಕಿರಿದಾದ ನಾಲೆಗಳನ್ನು ಏಕೆ ಕೊರೆಯುತ್ತಿದ್ದಾರೆ ಎಂಬುದು ಈ ಲೇಖನದ ವಿಷಯ.

ಮೊದಲಿಗೆ ಎಣಿಕೆಯ ತತ್ತ್ವ. ಕಪ್ಪತಗುಡ್ಡದ ಸೆರಗಿನಲ್ಲಿ ಕುರಿ ಸಾಕುವವನು ತನ್ನ ಕುರಿಗಳು ದೊಡ್ಡಿಯೊಳಗೆ ಗುಂಪಾಗಿ ನಿಂತಿರುವಾಗ ಎಣಿಸಲು ಹೋಗುವುದಿಲ್ಲ. ದೊಡ್ಡಿಯ ಕಿರುಬಾಗಿಲಿನಿಂದ ಒಂದೊಂದನ್ನೇ ಹೊರಬಿಟ್ಟು ಎಣಿಸುತ್ತಾನೆ. ಅಮೆರಿಕದ ವ್ಯಾಲೇಸ್ ಕೌಲ್ಟರ್ ಎಂಬ ಎಂಜಿನಿಯರು ರಕ್ತಕಣಗಳಿಗೆ ಹೂಡಿದ ಉಪಾಯವೂ ಇದೇ. ಉಪ್ಪುನೀರಿನಲ್ಲಿ ಬೆರೆಸಿ ತೆಳುವಾಗಿಸಿದ ರಕ್ತವನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಅಗಲದ ರಂಧ್ರದ ಮೂಲಕ ಹರಿಸುವುದು. ರಂಧ್ರದ ಎರಡೂ ಬದಿಗೆ ವಿದ್ಯುದಗ್ರಗಳನ್ನಿಟ್ಟು ಅದರ ಮೂಲಕ ವಿದ್ಯುತ್ತನ್ನು ಹಾಯಿಸುವುದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ, ಕಣವಾದರೋ ಸಾಗಿಸದು. ಕಣವು ರಂಧ್ರದಲ್ಲಿ ನುಸುಳುವಾಗ ತನ್ನ ಗಾತ್ರದಷ್ಟು ಉಪ್ಪುನೀರನ್ನು ಪಕ್ಕಕ್ಕೆ ಸರಿಸುವುದರಿಂದ ಒಂದು ಕ್ಷಣ ವಿದ್ಯುತ್ ಪ್ರವಾಹ ಕುಗ್ಗುತ್ತದೆ. ಎಷ್ಟು ಸಲ ಕುಗ್ಗಿತೋ ಅಷ್ಟು ಕಣಗಳು. ಎಷ್ಟು ಆಳಕ್ಕೆ ಕುಗ್ಗಿತೋ ಆ ಕಣ ಅಷ್ಟು ದೊಡ್ಡದು. ಈ ಸಾಧನಕ್ಕೆ ಕೌಲ್ಟರ್ 1949ರಲ್ಲಿ ಸಲ್ಲಿಸಿದ ಅರ್ಜಿಗೆ 1953ರಲ್ಲಿ ಪೇಟೆಂಟು ದೊರೆಯಿತು. ಎರಡು ಕುರಿಗಳು ಜೊತೆಯಾಗಿ ಬಾಗಿಲು ದಾಟಿದರೆ ಲೆಕ್ಕ ತಪ್ಪುವಂತೆ ಇಲ್ಲಿಯೂ ಎರಡು ಕಣಗಳು ಏಕಕಾಲಕ್ಕೆ ನುಸುಳಿದರೆ ಅವು ಒಂದೇ ದೊಡ್ಡ ಕಣವಾಗಿ ತೋರುತ್ತವೆ. ರಕ್ತವನ್ನು ಅಷ್ಟೊಂದು ತೆಳುಗೊಳಿಸುವುದು ಈ ಕಾರಣಕ್ಕೆ.

ಕೈಯೆಣಿಕೆಯ ಕಾಲಕ್ಕೂ ಯಂತ್ರದ ಕಾಲಕ್ಕೂ ಇರುವ ಅಂತರವನ್ನು ಗಣಿತದ ಶಿಕ್ಷಕರು ಸುಲಭವಾಗಿ ತೋರಿಸಬಹುದು. ಸೂಕ್ಷ್ಮದರ್ಶಕದ ಕೆಳಗೆ ಗೆರೆ ಕೊರೆದ ಗಾಜಿನ ಮೇಲೆ 400 ಕಣಗಳನ್ನು ಎಣಿಸಿದರೆ ಕೇವಲ ಆಕಸ್ಮಿಕದಿಂದ ಬರುವ ಏರಿಳಿತ 400ರ ವರ್ಗಮೂಲದಷ್ಟು, ಅಂದರೆ 20, ನೂರಕ್ಕೆ 5. ಯಂತ್ರವು 40,000 ಕಣಗಳನ್ನು ಎಣಿಸಿದರೆ ಏರಿಳಿತ 200. ನೂರಕ್ಕೆ ಅರ್ಧ ಮಾತ್ರ.

ಈ ತತ್ತ್ವವನ್ನು ಪ್ರೌಢಶಾಲೆಯ ಮೇಜಿನ ಮೇಲೆಯೇ ಮಾಡಿ ತೋರಿಸಲು ಸಾಧ್ಯ. ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ರಂಧ್ರ ಮಾಡಿ 5 ಮಿಲಿಮೀಟರು ಒಳವ್ಯಾಸ, 2 ಸೆಂಟಿಮೀಟರು ಉದ್ದದ ಪಾರದರ್ಶಕ ನಳಿಕೆಯನ್ನು ನೀರು ಸೋರದಂತೆ ಮೇಣದಿಂದ ಕೂಡಿಸಬೇಕು. ಲೀಟರಿಗೆ 10 ಗ್ರಾಮಿನಂತೆ ಅಡಿಗೆ ಉಪ್ಪು ಬೆರೆಸಿದ ನೀರನ್ನು ಅಗಲವಾದ ಗಾಜಿನ ಪಾತ್ರೆಗೆ ತುಂಬಿ, ಲೋಟವನ್ನು ಅದರಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿ, ಒಳಗೂ ಹೊರಗೂ ನೀರಿನ ಮಟ್ಟ ಸಮನಾಗಿರುವಂತೆ ನೋಡಿಕೊಳ್ಳಬೇಕು. ಹಳೆಯ ಬ್ಯಾಟರಿ ಸೆಲ್ಲುಗಳಿಂದ ತೆಗೆದ ಇಂಗಾಲದ ಕಡ್ಡಿಗಳಲ್ಲಿ ಒಂದನ್ನು ಲೋಟದೊಳಗೆ, ಇನ್ನೊಂದನ್ನು ಹೊರಗಿನ ಪಾತ್ರೆಯಲ್ಲಿ ಇಳಿಬಿಟ್ಟು, ನಾಲ್ಕು ಟಾರ್ಚ್ ಸೆಲ್ಲುಗಳನ್ನೂ ಮಿಲಿಆಂಪಿಯರ್ ಅಳೆಯುವ ಮಲ್ಟಿಮೀಟರನ್ನೂ ಸರಣಿಯಲ್ಲಿ ಜೋಡಿಸಿದರೆ ಕೆಲವು ಮಿಲಿಆಂಪಿಯರ್ ಪ್ರವಾಹ ಕಾಣುತ್ತದೆ. ಮನೆಯ ವಿದ್ಯುತ್ ಮಾರ್ಗಕ್ಕೆ ಇದನ್ನು ಎಂದಿಗೂ ಜೋಡಿಸಕೂಡದು. ಕೋಣೆಯ ಕಿಟಕಿಗಳು ತೆರೆದಿರಲಿ, ಏಕೆಂದರೆ ಕಡ್ಡಿಯ ಬಳಿ ತುಸು ಕ್ಲೋರಿನ್ ಹುಟ್ಟುತ್ತದೆ. ಈಗ 4 ಮಿಲಿಮೀಟರಿನ ಗಾಜಿನ ಮಣಿಯೊಂದನ್ನು ದಾರಕ್ಕೆ ಕಟ್ಟಿ ನಳಿಕೆಯೊಳಗೆ ನಿಧಾನವಾಗಿ ಇಳಿಸಿದರೆ ನಳಿಕೆಯ ರೋಧ ಐದನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ, ಮೀಟರಿನ ಅಂಕಿ ಇಳಿಯುತ್ತದೆ. ಮಣಿ ಹೊರಬಂದೊಡನೆ ಅಂಕಿ ಮೇಲೇರುತ್ತದೆ. 3 ಮಿಲಿಮೀಟರಿನ ಮಣಿಗೆ ಹೆಚ್ಚಳ ನೂರಕ್ಕೆ ಆರರಷ್ಟು ಮಾತ್ರ. ವ್ಯಾಸದಲ್ಲಿ ಮೂರಕ್ಕೂ ನಾಲ್ಕಕ್ಕೂ ಅಂತರ ಅಲ್ಪವೆನಿಸಿದರೂ ಗಾತ್ರದಲ್ಲಿ 27ಕ್ಕೂ 64ಕ್ಕೂ ಇರುವ ಅಂತರ ಅದು. ಜೊತೆಗೆ ದೊಡ್ಡ ಮಣಿ ಗೋಡೆಗೆ ಸಮೀಪವಾಗಿ ದಾರಿಯನ್ನು ಇನ್ನಷ್ಟು ಇಕ್ಕಟ್ಟಾಗಿಸುತ್ತದೆ. ಜಾಣ ವಿದ್ಯಾರ್ಥಿಯೊಬ್ಬನು ಮಣಿ ಇಲ್ಲದಿರುವಾಗಲೂ ಅಂಕಿ ತಾನಾಗಿ ಮೆಲ್ಲನೆ ಕುಸಿಯುವುದನ್ನು ಗುರುತಿಸಿದರೆ ಶಿಕ್ಷಕರು ಹಿಗ್ಗಬೇಕು. ಕಡ್ಡಿಗಳ ಮೇಲೆ ಅನಿಲದ ಗುಳ್ಳೆಗಳು ಮುಸುಕುವುದೇ ಅದಕ್ಕೆ ಕಾರಣ. ಈ ತೊಡಕು ಬೇಡವೆಂಬುದು ವಿಜ್ಞಾನಿಗಳು ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತಿನ ಕಡೆಗೆ ತಿರುಗಲು ಒಂದು ಕಾರಣವಾಯಿತು.

ಇನ್ನು ಈ ಎಣಿಕೆಯ ದೋಷಗಳನ್ನು ನೋಡೋಣ. ಯಂತ್ರಕ್ಕೆ ಗೊತ್ತಿರುವುದು ಗಾತ್ರವೊಂದೇ, ಕಣದ ಕುಲಗೋತ್ರ ಅದಕ್ಕೆ ತಿಳಿಯದು. ಆರೋಗ್ಯವಂತರ ಕೆಂಪು ಕಣದ ಸರಾಸರಿ ಗಾತ್ರ 80ರಿಂದ 100 ಫೆಮ್ಟೋಲೀಟರು. ಪ್ಲೇಟ್‌ಲೆಟ್ಟಿನದು ಸುಮಾರು 10. ನಡುವೆ ಒಂದು ಗಡಿಗೆರೆ ಎಳೆದು ಅದಕ್ಕಿಂತ ಕಿರಿದಾದುದನ್ನೆಲ್ಲ ಪ್ಲೇಟ್‌ಲೆಟ್ ಎಂದೂ ಹಿರಿದಾದುದನ್ನು ಕೆಂಪು ಕಣವೆಂದೂ ಯಂತ್ರ ಬರೆದುಕೊಳ್ಳುತ್ತದೆ. ಕೆಂಪು ಕಣಗಳು ತೀರ ಕಿರಿದಾದಾಗ ಅಥವಾ ಚೂರಾದಾಗ ಆ ಚೂರುಗಳೂ ಪ್ಲೇಟ್‌ಲೆಟ್ಟಿನ ಲೆಕ್ಕಕ್ಕೆ ಸೇರಿ ಕಡಿಮೆ ಇರುವುದು ಹೆಚ್ಚಾಗಿ ಕಾಣಬಹುದು. ಕಬ್ಬಿಣದ ಕೊರತೆಯಿಂದ ಕೆಂಪು ಕಣ ಕಿರಿದಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ ಎಂಬುದನ್ನು ನೆನೆದರೆ ಇದನ್ನು ಅಪರೂಪದ ವಿಚಾರವೆಂದು ಬದಿಗಿರಿಸಲಾಗದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ರಕ್ತ ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ನಳಿಕೆಯಲ್ಲಿ ಹಾಕಿರುವ ಇ.ಡಿ.ಟಿ.ಎ. ಎಂಬ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಗುಂಪು ಗಡಿಗೆರೆಯನ್ನು ಮೀರುವುದರಿಂದ ಎಣಿಕೆಯಿಂದ ಜಾರಿಹೋಗುತ್ತದೆ. ದೇಹದಲ್ಲಿ ಎರಡು ಲಕ್ಷವಿದ್ದರೂ ಚೀಟಿಯಲ್ಲಿ ಮೂವತ್ತು ಸಾವಿರವೆಂದು ಬರಬಹುದು. ಅನುಭವಿಯಾದ ಪರೀಕ್ಷಕನು ಇಂಥ ವೇಳೆ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾನೆ. ಬೇಕಾದರೆ ಸಿಟ್ರೇಟ್ ಇರುವ ಬೇರೆ ನಳಿಕೆಯಲ್ಲಿ ರಕ್ತ ಪಡೆದು ಮತ್ತೆ ಎಣಿಸುತ್ತಾನೆ. ರೋಗಿಯ ಮೈಯಲ್ಲಿ ರಕ್ತಸ್ರಾವದ ಯಾವ ಚಿಹ್ನೆಯೂ ಇಲ್ಲದೆ ಸಂಖ್ಯೆ ಮಾತ್ರ ಪಾತಾಳಕ್ಕಿಳಿದಾಗ ‘ಪಟ್ಟಿಯನ್ನು ನೋಡಿದಿರಾ?’ ಎಂದು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ಬಂಧುವಿಗೂ ಇದೆಯೆಂದು ನನ್ನ ಅಭಿಪ್ರಾಯ. ಹಾಗೆ ಕೇಳುತ್ತ ಚಿಕಿತ್ಸೆಗೆ ತಡಮಾಡಬಾರದೆಂಬುದೂ ಅಷ್ಟೇ ಮುಖ್ಯ.

ಅದೇ ಚೀಟಿಯಲ್ಲಿ ಎಂ.ಸಿ.ವಿ. ಎಂದು ಮುದ್ರಿತವಾಗಿರುವ ಇನ್ನೊಂದು ಸಂಖ್ಯೆಯನ್ನು ಬಹುಮಂದಿ ಗಮನಿಸುವುದಿಲ್ಲ. ಕೆಂಪು ಕಣದ ಸರಾಸರಿ ಗಾತ್ರವಾದ ಅದೂ ಈ ಯಂತ್ರಗಳಲ್ಲಿ ವಿದ್ಯುತ್ತಿನ ಕುಗ್ಗುವಿಕೆಯಿಂದಲೇ ಲೆಕ್ಕಕ್ಕೆ ಬಂದದ್ದು. ಕಣ ಕಿರಿದಾಗುವುದು ಕಬ್ಬಿಣದ ಕೊರತೆಯಿಂದಲೂ ಆಗಬಹುದು, ಥಲಸ್ಸೀಮಿಯಾ ಎಂಬ ಆನುವಂಶಿಕ ದೋಷದ ವಾಹಕರಲ್ಲಿಯೂ ಆಗಬಹುದು. ಗಾತ್ರವನ್ನು ದಶಲಕ್ಷಗಳಲ್ಲಿ ಹೇಳಿದ ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿ ಭಾಗಲಬ್ಧ 13ಕ್ಕಿಂತ ಹೆಚ್ಚಾದರೆ ಮೊದಲಿನದನ್ನೂ ಕಡಿಮೆಯಾದರೆ ಎರಡನೆಯದನ್ನೂ ಶಂಕಿಸಬೇಕೆಂದು ಮೆಂಟ್ಜರ್ ಎಂಬ ವೈದ್ಯರು 1973ರಲ್ಲಿ ಸೂಚಿಸಿದರು. ಗಾತ್ರ 65, ಸಂಖ್ಯೆ 3.8 ಆದರೆ ಭಾಗಲಬ್ಧ 17. ಅದೇ ಗಾತ್ರಕ್ಕೆ ಸಂಖ್ಯೆ 5.6 ಆದರೆ 11.6. ಇದು ಶಂಕೆಗೆ ದಾರಿಯೇ ಹೊರತು ನಿರ್ಣಯವಲ್ಲ. ನಿರ್ಣಯಕ್ಕೆ ಹಿಮೋಗ್ಲೋಬಿನ್ನಿನ ಬೇರೆ ಪರೀಕ್ಷೆ ಬೇಕು. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಮಗುವಿಗೆ ತೀವ್ರ ರೋಗ ಬರುವ ಸಂಭವವಿರುವುದರಿಂದ ಇಂಥ ಶಂಕೆ ಮದುವೆಗೆ ಮೊದಲೇ ಮೂಡುವುದು ಒಳ್ಳೆಯದು.

ಒಂದೇ ಸಂಖ್ಯೆಯನ್ನು ನೆಚ್ಚಿ ಕೂಡುವ ಅಪಾಯ ರಕ್ತಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಊರುಗಳ ಶುದ್ಧ ನೀರಿನ ಘಟಕಗಳಲ್ಲಿ ಅದ್ದಿ ನೋಡುವ ಟಿ.ಡಿ.ಎಸ್. ಮೀಟರು ಕೂಡ ವಿದ್ಯುದ್ವಾಹಕತೆಯನ್ನೇ ಅಳೆಯುತ್ತದೆ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ತೋರಿಸಬಲ್ಲದೇ ಹೊರತು ಮುಂಡರಗಿ ಭಾಗದ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡಿನ ಪ್ರಮಾಣವನ್ನು ಬೇರ್ಪಡಿಸಿ ಹೇಳಲಾರದು. ಗಾತ್ರವೊಂದನ್ನೇ ಬಲ್ಲ ಯಂತ್ರದ ಪಾಡೂ ಇದೇ. ಹಾಗಾದರೆ ಕಣದಿಂದ ಇನ್ನೂ ಹೆಚ್ಚಿನ ಉತ್ತರ ಪಡೆಯುವ ಬಗೆ ಎಂತು?

ಇದಕ್ಕಾಗಿ ಜೀವಕೋಶದ ರಚನೆಯನ್ನು ವಿದ್ಯುತ್ತಿನ ದೃಷ್ಟಿಯಿಂದ ನೋಡಬೇಕು. ಹೊರಗೆ ಉಪ್ಪುನೀರು, ಒಳಗೆ ಬೇರೊಂದು ಬಗೆಯ ಉಪ್ಪುನೀರು, ನಡುವೆ ಎಣ್ಣೆಯ ಅಂಶದ ಅತಿ ತೆಳುವಾದ ಪೊರೆ. ಎರಡು ವಾಹಕಗಳ ನಡುವೆ ಒಂದು ಅವಾಹಕ ಎಂದರೆ ಅದು ಕಂಡೆನ್ಸರು. ಮನೆಯ ಫ್ಯಾನಿಗೂ ಹೊಲದ ಪಂಪ್‌ಸೆಟ್ಟಿಗೂ ಜೋಡಿಸುವ ಕಂಡೆನ್ಸರಿನ ಸ್ವಭಾವವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ನೇರ ವಿದ್ಯುತ್ತಿಗೆ ಅದು ಮುಚ್ಚಿದ ಬಾಗಿಲು, ಪರ್ಯಾಯ ವಿದ್ಯುತ್ತಿಗೆ ತೆರೆದ ಬಾಗಿಲು, ಆವೃತ್ತಿ ಹೆಚ್ಚಿದಷ್ಟೂ ಹೆಚ್ಚು ತೆರೆದದ್ದು. 1925ರಲ್ಲಿ ಹ್ಯೂಗೋ ಫ್ರಿಕೆ ಎಂಬ ಭೌತವಿಜ್ಞಾನಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ರಕ್ತದ ಮೂಲಕ ಪರ್ಯಾಯ ವಿದ್ಯುತ್ತನ್ನು ಹಾಯಿಸಿ, ಕೆಂಪು ಕಣದ ಪೊರೆಯ ಧಾರಕತೆ ಒಂದು ಚದರ ಸೆಂಟಿಮೀಟರಿಗೆ 0.81 ಮೈಕ್ರೋಫ್ಯಾರಡ್ ಎಂದು ಕಂಡುಕೊಂಡರು. ಕಂಡೆನ್ಸರಿನ ಫಲಕಗಳು ಹತ್ತಿರವಾದಷ್ಟೂ ಧಾರಕತೆ ಹೆಚ್ಚೆಂಬುದನ್ನು ಪದವಿಪೂರ್ವ ತರಗತಿಯಲ್ಲಿ ಕಲಿತವರು ಈ ಸಂಖ್ಯೆಯಿಂದ ಪೊರೆಯ ದಪ್ಪವನ್ನು ತಾವೇ ಎಣಿಸಬಹುದು. ಎಣ್ಣೆಯ ವಿದ್ಯುನ್ಮಾಧ್ಯಮಾಂಕವನ್ನು 3 ಎಂದು ಹಿಡಿದರೆ ದಪ್ಪ 3.3 ನ್ಯಾನೋಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಮೂರು ಚಿಲ್ಲರೆ ಪಾಲು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಹುಟ್ಟಿರದ ಕಾಲದಲ್ಲಿ, ಯಾರ ಕಣ್ಣಿಗೂ ಬೀಳದ ಪೊರೆಯೊಂದರ ದಪ್ಪವನ್ನು ಎರಡು ತಂತಿಗಳ ನೆರವಿನಿಂದ ಅಳೆದ ಸಾಹಸ ಇದು. ಪೊರೆಯ ನಡುವಣ ಎಣ್ಣೆಪದರದ ದಪ್ಪ ಸುಮಾರು ಅಷ್ಟೇ ಎಂಬುದು ಅನಂತರ ದೃಢಪಟ್ಟಿತು. ನನ್ನ ಮಟ್ಟಿಗೆ ಹೇಳುವುದಾದರೆ ಜೀವಭೌತಶಾಸ್ತ್ರದ ಇತಿಹಾಸದಲ್ಲಿ ತರಗತಿಯ ಕಪ್ಪುಹಲಗೆಯ ಮೇಲೆ ಇಷ್ಟು ಸರಳವಾಗಿ ಬಿಡಿಸಬಹುದಾದ, ಇಷ್ಟು ಸೋಜಿಗದ ಲೆಕ್ಕ ಇನ್ನೊಂದಿಲ್ಲ.

ಈ ಕಂಡೆನ್ಸರಿನ ಬಾಗಿಲು ಯಾವ ಆವೃತ್ತಿಯಲ್ಲಿ ತೆರೆಯುತ್ತದೆ? ಧಾರವಾಡ ಆಕಾಶವಾಣಿಯ ಮಧ್ಯತರಂಗವನ್ನು 765 ಕಿಲೋಹರ್ಟ್ಸಿನಲ್ಲಿ ದಶಕಗಳ ಕಾಲ ಕೇಳಿದ ನಮಗೆ ಅದೇ ಒಳ್ಳೆಯ ಅಳತೆಗೋಲು. ಆ ಆವೃತ್ತಿಯ ವಿದ್ಯುತ್ತು ಕೆಂಪು ಕಣದ ಪೊರೆಯನ್ನು ಬಹುಮಟ್ಟಿಗೆ ಸುತ್ತಿಕೊಂಡೇ ಹೋಗುತ್ತದೆ. ಆದ್ದರಿಂದ ಅದು ಕಣದ ಗಾತ್ರವನ್ನಷ್ಟೇ ಹೇಳುತ್ತದೆ. 2 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಪೊರೆ ತೆರೆಯತೊಡಗಿ, ತನ್ನ ದಪ್ಪ ಹಾಗೂ ಮಡಿಕೆಗಳ ಸುದ್ದಿಯನ್ನು ಹೇಳುತ್ತದೆ. ಹಿಂದಿನ ರೇಡಿಯೋಗಳಲ್ಲಿ ಹ್ರಸ್ವತರಂಗವೆಂದು ಗುರುತಿಸುತ್ತಿದ್ದ ಎತ್ತರದ ಆವೃತ್ತಿಗಳಲ್ಲಿ ವಿದ್ಯುತ್ತು ಪೊರೆಯನ್ನು ದಾಟಿ ಒಳಹೊಕ್ಕು ಒಳರಸದ ವಾಹಕತೆಯನ್ನು ತಿಳಿಸುತ್ತದೆ. ಹೀಗೆ ಒಂದೇ ಕಣಕ್ಕೆ ಹಲವು ಆವೃತ್ತಿಗಳಲ್ಲಿ ಪ್ರಶ್ನೆ ಕೇಳಿದರೆ ಹಲವು ಉತ್ತರಗಳು. ಸತ್ತ ಕೋಶದ ಪೊರೆ ತೂತಾಗಿರುವುದರಿಂದ ಕೆಳಗಿನ ಆವೃತ್ತಿಯಲ್ಲಿಯೇ ವಿದ್ಯುತ್ತು ಒಳನುಗ್ಗುತ್ತದೆ. ಬದುಕಿರುವ ಯೀಸ್ಟನ್ನೂ ಸತ್ತ ಯೀಸ್ಟನ್ನೂ ಬಣ್ಣ ಹಾಕದೆ ಬೇರ್ಪಡಿಸಲು ಇದರಿಂದ ಸಾಧ್ಯ. ಮಲೇರಿಯಾದ ಪರೋಪಜೀವಿ ಹೊಕ್ಕ ಕೆಂಪು ಕಣದ ಪೊರೆಯೂ ಬದಲಾಗುತ್ತದೆ.

ಆದರೆ ಕೌಲ್ಟರನ ರಂಧ್ರದಲ್ಲಿ ಇಂಥ ನವಿರಾದ ಸಂಭಾಷಣೆ ಕಷ್ಟ. 100 ಮೈಕ್ರೋಮೀಟರು ಅಗಲದ ರಂಧ್ರದಲ್ಲಿ ಒಂದು ಕೆಂಪು ಕಣ ಉಂಟುಮಾಡುವ ಬದಲಾವಣೆ ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಮಾತ್ರ. ದಾರಿಯನ್ನು 20 ಮೈಕ್ರೋಮೀಟರು ಅಗಲ, ಅಷ್ಟೇ ಎತ್ತರಕ್ಕೆ ಇಳಿಸಿ, ವಿದ್ಯುದಗ್ರಗಳನ್ನು ಆ ನಾಲೆಯ ಗೋಡೆಯಲ್ಲಿಯೇ ಕೂಡಿಸಿದರೆ ಅದೇ ಕಣ ನೂರರಲ್ಲಿ ಒಂದರಷ್ಟು ಬದಲಾವಣೆ ತರುತ್ತದೆ. ಸೂಕ್ಷ್ಮನಾಲೆಯ ಮೊದಲ ಲಾಭ ಇದು. ಎರಡನೆಯದೆಂದರೆ ಇಷ್ಟು ಕಿರಿದಾದ ದಾರಿಯಲ್ಲಿ ದ್ರವವು ಸುಳಿಯದೆ, ಮಗ್ಗದ ಮೇಲೆ ಹಾಸಿದ ಎಳೆಗಳಂತೆ ಪದರಪದರವಾಗಿ ಹರಿಯುತ್ತದೆ. ಕಣಗಳು ತಮ್ಮ ತಮ್ಮ ಸಾಲನ್ನು ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಗವಾದ್, ಶಿಲ್ಡ್, ರೆನೋ ಎಂಬ ಸಂಶೋಧಕರು ಇಂಥ ಸಾಧನವನ್ನು 2001ರಲ್ಲಿ ಪ್ರಕಟಿಸಿದರು. 2009ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳು ಬಿಳಿ ಕಣಗಳ ಮೂರು ಮುಖ್ಯ ಬಗೆಗಳನ್ನು ಎರಡು ಆವೃತ್ತಿಗಳ ವಿದ್ಯುತ್ತಿನಿಂದಲೇ ಬೇರ್ಪಡಿಸಿ ತೋರಿಸಿದರು.

ಇಷ್ಟು ಕಿರಿದಾದ ನಾಲೆಯನ್ನು ಮಾಡುವ ಬಗೆ ಗದಗಿನವರಿಗೆ ಅಪರಿಚಿತವೆನಿಸಬಾರದು. ಇಲ್ಲಿನ ಮುದ್ರಣಾಲಯಗಳಲ್ಲಿ ಆಫ್‌ಸೆಟ್ ಫಲಕ ಸಿದ್ಧಪಡಿಸುವಾಗ ಬೆಳಕಿಗೆ ಸ್ಪಂದಿಸುವ ಲೇಪದ ಮೇಲೆ ಫಿಲ್ಮಿನ ಮೂಲಕ ಬೆಳಕು ಬಿಟ್ಟು, ಬೇಡವಾದ ಭಾಗವನ್ನು ತೊಳೆದು ತೆಗೆಯುತ್ತಿದ್ದುದುಂಟು. ಸಿಲಿಕಾನ್ ಬಿಲ್ಲೆಯ ಮೇಲೆ ಇದೇ ಕ್ರಮದಿಂದ ನಾಲೆಯ ಉಬ್ಬುಚಿತ್ರ ಮೂಡಿಸಿ, ಅದರ ಮೇಲೆ ಪಾರದರ್ಶಕ ಸಿಲಿಕೋನ್ ರಬ್ಬರನ್ನು ಪಾಕದಂತೆ ಹೊಯ್ದು, ಗಟ್ಟಿಯಾದ ಮೇಲೆ ಸುಲಿದು, ಚಿನ್ನದ ಅಥವಾ ಪ್ಲಾಟಿನಮ್ಮಿನ ವಿದ್ಯುದಗ್ರಗಳಿರುವ ಗಾಜಿಗೆ ಅಂಟಿಸುತ್ತಾರೆ. ಅಚ್ಚು ಒಂದು ಸಾಕು, ಪ್ರತಿಗಳು ಹಲವಾರು. ಧೂಳಿನ ಒಂದು ಕಣವೂ ನಾಲೆಯನ್ನು ಮುಚ್ಚಬಹುದಾದ್ದರಿಂದ ಅಚ್ಚಿನ ಕೆಲಸಕ್ಕೆ ಅತಿ ಶುದ್ಧ ಗಾಳಿಯ ಕೋಣೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇಂಥ ವ್ಯವಸ್ಥೆಯಿದ್ದು ಸೂಕ್ಷ್ಮದ್ರವ ಸಾಧನಗಳ ಮೇಲೆ ಕೆಲಸ ನಡೆದಿದೆ. ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೆಂಪು ಕಣಗಳನ್ನು ಸೂಕ್ಷ್ಮರಂಧ್ರದ ಮೂಲಕ ನುಸುಳಿಸಿ, ವಿದ್ಯುತ್ತಿನ ಕುಗ್ಗುವಿಕೆಯ ಆಕಾರದಿಂದ ಕಣ ಮೆದುವಾಗಿದೆಯೋ ಬಿರುಸಾಗಿದೆಯೋ ಎಂಬುದನ್ನು ಗುರುತಿಸಿದ್ದಾರೆ. ಆರೋಗ್ಯವಂತ ಕೆಂಪು ಕಣ ತನಗಿಂತ ಕಿರಿದಾದ ರಕ್ತನಾಳದಲ್ಲಿಯೂ ಬಳುಕಿ ಸಾಗುತ್ತದೆ. ಕೆಲವು ರೋಗಗಳಲ್ಲಿ ಈ ಬಳುಕು ತಪ್ಪುತ್ತದೆ; ಗಾತ್ರದ ಎಣಿಕೆಯಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ಇಂಥ ಸಾಧನ ಶಿರಹಟ್ಟಿಯ ಅಥವಾ ಮುಂಡರಗಿಯ ಆಸ್ಪತ್ರೆಯ ಮೇಜಿನ ಮೇಲೆ ಬಂದು ಕೂರಲು ಇರುವ ಅಡಚಣೆಗಳು ಸಣ್ಣವಲ್ಲ. ನಾಲೆ ಕಿರಿದಾದಷ್ಟೂ ಕಟ್ಟಿಕೊಳ್ಳುವುದು ಬೇಗ. ಹೆಪ್ಪಿನ ಒಂದು ಎಳೆ ಸಾಕು. ಎರಡು ವಿದ್ಯುದಗ್ರಗಳ ನಡುವೆ ಕಣವು ನಟ್ಟನಡುವೆ ಸಾಗಿದಾಗ ಒಂದು ಅಳತೆ, ಗೋಡೆಯ ಪಕ್ಕದಲ್ಲಿ ಸಾಗಿದಾಗ ಬೇರೊಂದು ಅಳತೆ ಬರುತ್ತದೆ. ಇದನ್ನು ಸರಿಪಡಿಸಲು ವಿದ್ಯುದಗ್ರಗಳ ಜೋಡಣೆಯಲ್ಲಿಯೂ ಲೆಕ್ಕದಲ್ಲಿಯೂ ಬಗೆಬಗೆಯ ಪ್ರಯತ್ನಗಳು ಸಾಗಿವೆ. ಉಪ್ಪುನೀರಿನ ವಾಹಕತೆ ಉಷ್ಣತೆ ಏರಿದಂತೆ ಡಿಗ್ರಿಗೆ ನೂರಕ್ಕೆ ಎರಡರಷ್ಟು ಹೆಚ್ಚುವುದರಿಂದ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೂ ಡಿಸೆಂಬರಿನ ಮುಂಜಾವಿಗೂ ಯಂತ್ರದ ಉತ್ತರ ಬೇರೆಯಾಗಬಾರದೆಂದರೆ ಗಾತ್ರ ಗೊತ್ತಿರುವ ಪ್ಲಾಸ್ಟಿಕ್ ಮಣಿಗಳನ್ನು ರಕ್ತದೊಡನೆ ಬೆರೆಸಿ ಪ್ರತಿ ಸಲವೂ ಒರೆಗೆ ಹಚ್ಚಬೇಕು. ಒಮ್ಮೆ ಬಳಸಿ ಎಸೆಯುವ ನಾಲೆಯ ಬೆಲೆ ಈಗಿನ ರಕ್ತಪರೀಕ್ಷೆಯ ಶುಲ್ಕದೊಳಗೆ ಅಡಗಬೇಕು. ಅಲ್ಲಿಯವರೆಗೆ ಯಂತ್ರದ ಎಣಿಕೆಗೆ ಜೊತೆಯಾಗಿ ನಿಲ್ಲುವುದು ಬಣ್ಣ ಹಾಕಿದ ಗಾಜಿನ ಪಟ್ಟಿ ಮತ್ತು ಅದನ್ನು ಓದಬಲ್ಲ ಕಣ್ಣು. ಶಾಲೆಯ ಪ್ರಯೋಗಾಲಯಕ್ಕೆ ನೆರವಾಗಬಯಸುವ ದಾನಿಗಳು ಎಣ್ಣೆಯ ಹನಿ ಹಾಕಿ ನೋಡುವ, ನೂರು ಪಟ್ಟು ವರ್ಧನದ ವಸ್ತುಮಸೂರವುಳ್ಳ ಸೂಕ್ಷ್ಮದರ್ಶಕವೊಂದನ್ನೂ ಸಿದ್ಧಪಡಿಸಿದ ರಕ್ತದ ಪಟ್ಟಿಗಳ ಒಂದು ಪೆಟ್ಟಿಗೆಯನ್ನೂ ಒದಗಿಸಿದರೆ ಮೇಲೆ ವಿವರಿಸಿದ ಲೋಟ, ನಳಿಕೆ, ಮಣಿಗಳ ಪ್ರಯೋಗದ ಪಕ್ಕದಲ್ಲಿಯೇ ಅವನ್ನಿಟ್ಟು ಒಂಬತ್ತನೆಯ ಹಾಗೂ ಹತ್ತನೆಯ ತರಗತಿಯ ಮಕ್ಕಳಿಗೆ ಎರಡನ್ನೂ ಒಂದೇ ದಿನ ತೋರಿಸಬಹುದು.